ಕಿಟಕಿ ಗಾಜಿನಲ್ಲಿ ಉಳಿದ ಹಳದಿ

ಮದುವೆಯಾದಂದಿನಿಂದ ಅಂಗಡಿ ಬಾಗಿಲು ಹಾಕಿ ಸುತ್ತಾಡಲು ಎಲ್ಲಿಗೂ ಹೋಗದ ಗಂಡ, ಒಂದು ಮಧ್ಯಾಹ್ನ ಊಟದ ನಡುವೆ, "ದ್ವೀಪಕ್ಕೆ ಹೋಗಿ ಬರೋಣವೇನೇ?" ಎಂದು ಕೇಳಿದಾಗ ಟಚಪ್ ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು.

ಬೀದಿಯವರೆಲ್ಲ ಅವಳನ್ನು ಟಚಪ್ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡನದು ಫೋಟೋ ಸ್ಟುಡಿಯೋ. ಅವನು ತೆಗೆಯುವುದು, ಅವಳು ತಿದ್ದುವುದು. ಮೊಡವೆ ಅಳಿಸುವುದು, ಮುಚ್ಚಿಹೋದ ಕಣ್ಣನ್ನು ಇನ್ನೊಂದು ಫೋಟೋದಿಂದ ತಂದು ತೆರೆಸುವುದು, ಮದುವೆಯ ಗುಂಪಿನಲ್ಲಿ ಯಾರಿಗೂ ಬೇಡವಾದ ನೆಂಟನನ್ನು ನಿಂತಲ್ಲೇ ಮಾಯಮಾಡುವುದು, ಎಲ್ಲ ಅವಳ ಕೆಲಸ. ಒಂದೇ ಮೇಜಿನ ಆ ಕಡೆ ಅವನು, ಈ ಕಡೆ ಅವಳು.

"ಯಾವ ದ್ವೀಪ?" ಎಂದಳು.

"ಸಮುದ್ರದ ಮಧ್ಯೆ ಇರೋದು."

"ದ್ವೀಪ ಮತ್ತೆಲ್ಲಿರುತ್ತೆ, ಅಟ್ಟದ ಮೇಲಾ?"

ಅವನು ನಗಲಿಲ್ಲ. ಅದೇ ಅವಳಿಗೆ ಮೊದಲು ಚುಚ್ಚಿದ್ದು. ಇಂಥ ಮಾತಿಗೆ ನಗದೇ ಇರುವವನಲ್ಲ ಅವನು. "ತೆಂಗಿನ ಮರ, ಬಿಳಿ ಮರಳು, ವರ್ಷವಿಡೀ ಬಿಸಿಲಂತೆ. ನೀನೂ ಆ ಕಂಪ್ಯೂಟರ್ ಪರದೆ ಮುಂದೆ ಕೂತು ಕೂತು ಕಣ್ಣು ಹಾಳುಮಾಡಿಕೊಂಡಿದ್ದೀಯ," ಎಂದು ಗೊಣಗಿ, ಎಂದೂ ಮಾಡದವನು ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ ತೊಳೆದ.

ನೀರಿನ ಸದ್ದು ಕೇಳುತ್ತ ಅವಳು ಕೂತೇ ಇದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಮರುಗಳಿಗೆಯೇ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿರಬಹುದು, ನನ್ನ ಬುದ್ಧಿಯೇ ಸೊಟ್ಟ ಎಂದೂ ಅನ್ನಿಸಿತು. ಅವಳ ಸ್ವಭಾವವೇ ಹಾಗೆ. ಮೊದಲು ಎದುರಿನವರ ಮೇಲೆ ಅನುಮಾನ, ಆಮೇಲೆ ಆ ಅನುಮಾನದ ಮೇಲೆ ಅನುಮಾನ.

ಮಾರನೆಯ ದಿನ ಅವನು ಕಂಪ್ಯೂಟರಿನಲ್ಲಿ ಫೋಟೋಗಳನ್ನು ತೋರಿಸಿದ. "ಇದೇ ನಾವು ಇಳಿದುಕೊಳ್ಳೋ ಮನೆ. ಹೋಟೆಲ್ ಅಲ್ಲ, ಮನೆ ಥರ. ಮೂರೋ ನಾಲ್ಕೋ ಕೋಣೆ ಅಷ್ಟೇ."

ಚಂದದ ಜಗಲಿ. ಬೆತ್ತದ ಕುರ್ಚಿ. ಮೆಟ್ಟಿಲಿಳಿದರೆ ಮರಳು, ಅದರಾಚೆ ಹಸಿರು ಬಳಿದಂತೆ ಸಮುದ್ರ. ಬೇರೆ ಯಾರಾದರೂ ಆಗಿದ್ದರೆ ಆಹಾ ಎಂದು ಬಟ್ಟೆ ಕಟ್ಟಿಕೊಳ್ಳಲು ಏಳುತ್ತಿದ್ದರು. ಟಚಪ್ ಅಕ್ಕನ ಕಣ್ಣು ಮಾತ್ರ ಸಮುದ್ರದವರೆಗೆ ಹೋಗಲೇ ಇಲ್ಲ. ಮೆಟ್ಟಿಲಿನ ಬಳಿ ಒಂದು ಒಡಕು ಚಿಪ್ಪು ಬಿದ್ದಿತ್ತು. ಗೇಣು ದೂರದಲ್ಲಿ ಅದೇ ಚಿಪ್ಪು, ಅದೇ ಒಡಕು, ಅದೇ ಓರೆಯಲ್ಲಿ ಇನ್ನೊಮ್ಮೆ ಬಿದ್ದಿತ್ತು.

ಚಿತ್ರದಿಂದ ಏನನ್ನಾದರೂ ಅಳಿಸಿದರೆ ಆ ಜಾಗದಲ್ಲಿ ತೂತು ಉಳಿಯುತ್ತದೆ. ಪಕ್ಕದ ಮರಳನ್ನೇ ತಂದು ಅಲ್ಲಿಗೆ ಮೆತ್ತಬೇಕು. ಮೆತ್ತುವಾಗ ಎಚ್ಚರ ತಪ್ಪಿದರೆ ಒಂದು ಚಿಪ್ಪು ಎರಡಾಗುತ್ತದೆ. ಇದು ಹೊಸಬರ ಕೈಕೆಲಸ.

ಅವಳು ಕುರ್ಚಿಯ ಹಿಂದಿನ ಕಿಟಕಿಯನ್ನು ನೋಡಿದಳು. ಗಾಜಿನಲ್ಲಿ ಮಸುಕಾಗಿ, ಮನುಷ್ಯರ ಎತ್ತರಕ್ಕೆ, ಹಳದಿ ಬಣ್ಣದ್ದೇನೋ ಪ್ರತಿಫಲಿಸಿತ್ತು. ಉಟ್ಟ ಬಟ್ಟೆಯ ಹಳದಿ. ಮೇಲೆ ಉದ್ದ ಕೂದಲಿನ ಕಪ್ಪು. ಮೆಟ್ಟಿಲ ಮೇಲೆ ಯಾರೂ ಇಲ್ಲ, ಗಾಜಿನಲ್ಲಿ ಒಬ್ಬಳು ಹೆಂಗಸು ಇದ್ದಾಳೆ.

"ಹೇಗಿದೆ?" ಎಂದ ಗಂಡ.

"ಚೆನ್ನಾಗಿದೆ. ಯಾರು ಕೊಟ್ಟರು ಈ ಫೋಟೋ?"

"ಅದೇ, ಮನೆಯವರೇ ಕಳಿಸಿದ್ದು," ಎನ್ನುತ್ತ ಅವನು ಪರದೆಯ ಮೇಲಿನ ಫೋಟೋವನ್ನು ಮುಚ್ಚಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳದಿದ್ದರೂ ಸೇರಿಸಿದ: "ನಾನೇನೂ ಅದನ್ನ ಮುಟ್ಟಿಲ್ಲ."

ಸಂಜೆ ಪಕ್ಕದ ಕನ್ನಡಕದಂಗಡಿಯವಳ ಹತ್ತಿರ ಹೋಗಿ ಕೂತಳು. ಆಕೆ ಗಂಡನನ್ನು ಕಳೆದುಕೊಂಡು ಅಂಗಡಿಯನ್ನು ಒಬ್ಬಳೇ ನಡೆಸುವವಳು, ಬಾಯಿ ಸ್ವಲ್ಪ ಹರಿತ.

"ನೋಡಮ್ಮ," ಎಂದಳು ಆಕೆ, ಯಾರದೋ ಕನ್ನಡಕದ ತಿರುಪು ಬಿಗಿಮಾಡುತ್ತ, "ಗಂಡಸು ಇದ್ದಕ್ಕಿದ್ದ ಹಾಗೆ ಒಳ್ಳೆಯವನಾದರೆ ಒಂದೋ ಕಾಯಿಲೆ, ಇಲ್ಲ ಕಳ್ಳತನ."

"ಕಾಯಿಲೆ ಏನಿಲ್ಲ. ನಿನ್ನೆ ಎರಡು ಸಲ ಬಡಿಸಿಕೊಂಡು ತಿಂದರು."

"ಹಾಗಾದರೆ ಉಳಿದಿದ್ದು ಒಂದೇ." ಟಚಪ್ ಅಕ್ಕನ ಮುಖ ನೋಡಿ ಆಕೆ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. "ಅಯ್ಯೋ, ತಮಾಷೆಗೆ ಅಂದೆ ಕಣೆ. ನಿನ್ನ ಗಂಡನ್ನ ಯಾರು ಕಟ್ಟಿಕೊಂಡಾರು? ನಿಂತ ನಿಲುವಲ್ಲೇ 'ಗದ್ದ ಮೇಲೆ, ಗದ್ದ ಕೆಳಗೆ' ಅಂತ ಜೀವ ತಿನ್ನುವ ಮನುಷ್ಯ."

ಟಚಪ್ ಅಕ್ಕ ನಕ್ಕು ಮೇಲೆದ್ದಳು. ದ್ವೀಪ ಹೋದರೆ ಹೋಗಲಿ, ಅದಿಲ್ಲದೆಯೇ ಇಷ್ಟು ವರ್ಷ ಕಳೆದಿದೆ. ಆದರೆ ಮೇಜಿನ ಆ ಕಡೆ ಕೂತವನು ತನಗೆ ಗೊತ್ತಿರುವವನೇ ಅಲ್ಲ ಎಂದಾದರೆ, ನಾಳೆಯಿಂದ ಈ ಕಡೆ ಕೂರುವುದು ಹೇಗೆ? ಹೋದ ಚಳಿಗಾಲದಲ್ಲಿ ಯಾವುದೋ ಮದುವೆಯ ಫೋಟೋ ಎಂದು ಅವನು ಪರ ಊರಿಗೆ ಹೋಗಿ ಬಂದಿದ್ದ. ಬಂದಾಗ ಕುತ್ತಿಗೆ ಬಿಸಿಲಿಗೆ ಸುಟ್ಟು ಕೆಂಪಾಗಿತ್ತು. ಆಗ ಅವಳೇ ಮುಲಾಮು ಹಚ್ಚಿದ್ದಳು.

ಅಂಗಡಿಗೆ ವಾಪಸಾದಾಗ ಎದುರಿನ ಕೋಣೆ ಖಾಲಿ. ಫೋಟೋ ತೆಗೆಯುವ ಕೋಣೆಯ ದಪ್ಪ ಪರದೆಯ ಹಿಂದಿನಿಂದ ಗಂಡನ ದನಿ ಕೇಳಿತು. ಫೋನಿನಲ್ಲಿ, ತಗ್ಗಿಸಿಕೊಂಡು.

"ಇಲ್ಲ ಇಲ್ಲ, ಅವಳಿಗಿನ್ನೂ ಗೊತ್ತಿಲ್ಲ... ಈಗಲೇ ಹೇಳಿದರೆ ಕೆಟ್ಟುಹೋಗುತ್ತೆ... ನೀನೇ ದೋಣಿಯ ಹತ್ತಿರ ನಿಂತಿರು. ಎದುರಾ ಎದುರು ಬಂದ ಮೇಲೆ ಅವಳು ತಾನೇ ಏನು ಮಾಡ್ತಾಳೆ?"

ನೀನೇ. 'ನೀವೇ' ಅಲ್ಲ, 'ನೀನೇ'. ಟಚಪ್ ಅಕ್ಕ ಪರದೆಯ ಅಂಚು ಹಿಡಿದಳು. ಪರದೆ ಎಳೆದು ಒಳಗೆ ನುಗ್ಗಬೇಕೆಂದುಕೊಂಡಳು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು, "ಪಾಸ್‌ಪೋರ್ಟಿಗೆ ಫೋಟೋ ಬೇಕಿತ್ತು, ಸ್ವಲ್ಪ ವಯಸ್ಸು ಕಡಿಮೆ ಕಾಣೋ ಹಾಗೆ," ಎಂದ. "ಕೂತುಕೊಳ್ಳಿ," ಎಂದಳು. ಗಂಡ ಹೊರಗೆ ಬಂದ, ದೀಪ ಹಾಕಿದ, ಗದ್ದ ಮೇಲೆ ಎಂದ, ಗದ್ದ ಕೆಳಗೆ ಎಂದ. ಎಲ್ಲ ಎಂದಿನಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಇಷ್ಟು ಸಲೀಸೇ ಎಂದು ಅವಳು ನೋಡುತ್ತ ನಿಂತಳು.

ಗಿರಾಕಿ ಹೋದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತು ಆ ಜಗಲಿಯ ಫೋಟೋವನ್ನು ತೆರೆದಳು. ಕಿಟಕಿಯನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಪರದೆಯ ತುಂಬ ಹಳದಿ.

"ರೀ, ಇಲ್ಲಿ ಬನ್ನಿ."

ಅವನು ಬಂದ.

"ಯಾರಿವಳು?"

"ಯಾರು ಯಾರು?"

"ಮೆಟ್ಟಿಲಿಂದ ತೆಗೆದಿರಿ, ಗಾಜಲ್ಲಿ ಬಿಟ್ಟಿರಿ. ಅಳಿಸೋ ಮುಂಚೆ ಗಾಜು, ನೀರು, ನೆರಳು ಮೂರನ್ನೂ ನೋಡಬೇಕು ಅಂತ ಎಷ್ಟು ಸಲ ಹೇಳಿಲ್ಲ ನಾನು? ಹೋಗಲಿ, ಕದ್ದು ಮಾಡೋ ಕೆಲಸವನ್ನಾದರೂ ನೆಟ್ಟಗೆ ಮಾಡಬಾರದೇ?" ಅವಳು ಅವನ ಕಡೆ ತಿರುಗಿದಳು. "ಹೋದ ಚಳಿಗಾಲ ನೀವು ಹೋಗಿದ್ದು ಮದುವೆಗೋ, ಇವಳ ಮನೆಗೋ?"

ಗಂಡ ಕುರ್ಚಿ ಎಳೆದು ಕೂತ. ಮುಖ ಒರೆಸಿಕೊಂಡ. "ಮದುವೆಗೇ. ಮುಗಿಸಿಕೊಂಡು ಇವಳ ಮನೆಗೂ ಹೋದೆ," ಎಂದ.

ಅವನು ಮೌಸನ್ನು ಕೈಗೆ ತೆಗೆದುಕೊಂಡು ಎಲ್ಲೋ ಒಳಗೆ ಬಚ್ಚಿಟ್ಟಿದ್ದ ಮೂಲ ಫೋಟೋವನ್ನು ತೆರೆದ. ಅದೇ ಜಗಲಿ, ಅದೇ ಸಮುದ್ರ. ಮೆಟ್ಟಿಲ ಮೇಲೆ ಹಳದಿ ಬಟ್ಟೆ ಉಟ್ಟು, ಸೊಂಟದ ಮೇಲೆ ಕೈಯಿಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದವಳು ಅವನ ಅಕ್ಕ.

ಟಚಪ್ ಅಕ್ಕನ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದದ್ದು ನೇರ ಕಾಲಿನ ಮೇಲೆ ಬಿದ್ದಂತಿತ್ತು.

ಈ ಅತ್ತಿಗೆಗೂ ಅವಳಿಗೂ ಮಾತು ನಿಂತು ಎಷ್ಟೋ ವರ್ಷ. ಅತ್ತೆ ತೀರಿಕೊಂಡಾಗ ಕಟ್ಟು ಹಾಕಿಸಲು ಒಂದು ಫೋಟೋ ಬೇಕಿತ್ತು. ಟಚಪ್ ಅಕ್ಕ ಅಳುತ್ತಲೇ ಕೂತು, ಪ್ರೀತಿಯಿಂದಲೇ, ಮುಖದ ಸುಕ್ಕುಗಳನ್ನೆಲ್ಲ ತೆಗೆದಳು. ಕಣ್ಣಿನ ಕೆಳಗಿದ್ದ ದೊಡ್ಡ ಮಚ್ಚೆಯನ್ನೂ ತೆಗೆದಳು. ಕೈಗೆ ಅಭ್ಯಾಸವಾಗಿತ್ತು, ಕಪ್ಪು ಕಂಡಲ್ಲಿ ಒರೆಸುವುದು. ನೆಂಟರೆಲ್ಲ ಕೂತಿದ್ದಾಗ ಅತ್ತಿಗೆ ಆ ಫೋಟೋವನ್ನು ನೋಡಿ, "ಯಾರಿದು? ನಮ್ಮಮ್ಮನನ್ನ ಎಲ್ಲಿಗೆ ಕಳಿಸಿದೆ?" ಎಂದಳು. ಅಷ್ಟು ಜನರ ಎದುರಿಗೆ. ಆಮೇಲೆ ಅತ್ತಿಗೆಯ ಗಂಡನಿಗೆ ದೋಣಿಯ ಇಂಜಿನ್ ರಿಪೇರಿ ಮಾಡುವ ಕೆಲಸ ಸಿಕ್ಕಿ ಅವರು ದೂರ ಹೋದರು ಎಂದಷ್ಟೇ ಗೊತ್ತಿತ್ತು. ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ಗಂಡನೂ ಹೇಳಲಿಲ್ಲ.

"ನಿಜ ಹೇಳಿದ್ದರೆ ನೀನು ಬರ್ತಿದ್ದೆಯಾ?" ಎಂದ ಗಂಡ.

"ಇಲ್ಲ."

"ಅದಕ್ಕೇ."

"ಅದಕ್ಕೆ ನನ್ನನ್ನ ದೋಣಿ ಹತ್ತಿಸಿ, ಸುತ್ತ ನೀರಿರೋ ಕಡೆ ಇಳಿಸಿ, ಓಡಿಹೋಗೋಕೆ ದಾರಿಯಿಲ್ಲದ ಹಾಗೆ ಮಾಡಿ ಅವರ ಮುಂದೆ ನಿಲ್ಲಿಸೋದು. ಬಲು ಚೆನ್ನಾಗಿದೆ."

"ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ..."

"ಇದರಲ್ಲಿ ಹಾವು ಯಾರು?"

ಗಂಡ ಜಾಣತನದಿಂದ ಬಾಯಿ ಮುಚ್ಚಿಕೊಂಡ.

ಅವಳು ಅತ್ತಿಗೆಯ ಮುಖವನ್ನು ದೊಡ್ಡದು ಮಾಡಿ ನೋಡಿದಳು. ತಲೆಗೆ ಬಣ್ಣ ಹಚ್ಚುತ್ತಾಳೆ, ಬೈತಲೆ ಬೆಳ್ಳಗಾಗಿದೆ. ಬಿಸಿಲಿಗೆ ಚರ್ಮ ಕಂದಿದೆ. ಕಣ್ಣ ಸುತ್ತ ಅತ್ತೆಯ ಸುಕ್ಕುಗಳೇ ಬಂದು ಕೂತಿವೆ. ನಂಬಬೇಕು ಎನ್ನಿಸಿತು. ಆದರೂ, ಒಂದು ಸಲ ಅಳಿಸಿದವನು ಇನ್ನೊಂದು ಸಲ ಅಂಟಿಸಿಯೂ ಇರಬಹುದಲ್ಲ? ಯಾವುದೋ ಹಳದಿ ಬಟ್ಟೆಯವಳ ಮೇಲೆ ಅಕ್ಕನ ಮುಖ ಕೂರಿಸುವುದೇನು ದೊಡ್ಡ ಕೆಲಸ? ಇವನ ಕೈಯಲ್ಲಿ ಅಷ್ಟು ನಾಜೂಕು ಸಾಧ್ಯವಿಲ್ಲ ಎಂದು ಗೊತ್ತಿದ್ದೂ ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಕೈ ಚಾಚಿದಳು.

"ಫೋನ್ ಕೊಡಿ. ನಾನೇ ಮಾತಾಡಿ ನೋಡ್ತೀನಿ."

ಗಂಡ ನಂಬರು ಒತ್ತಿ ಕೊಟ್ಟ. ಆ ಕಡೆ ಗಾಳಿಯ ಸದ್ದು, ಪಾತ್ರೆಯ ಸದ್ದು.

"ಏನೋ ಮತ್ತೆ? ಈಗ ತಾನೇ ಮಾತಾಡಿದ್ದೆಯಲ್ಲ," ಎಂದಿತು ಅತ್ತಿಗೆಯ ದನಿ. ಅದು ಅವಳದೇ ದನಿ. ಗುಂಪಿನಲ್ಲೂ ಎದ್ದು ಕೇಳುವಂಥದ್ದು.

"ನಾನು."

"ಯಾವ ನಾನು?"

"ನಿಮ್ಮ ತಮ್ಮನ ಹೆಂಡತಿ."

"ಗೊತ್ತಾಯಿತು. ಬೇಕಂತಲೇ ಕೇಳಿದೆ."

ಆ ಕಡೆ ಯಾರೋ ಬಾಗಿಲು ಮುಚ್ಚಿದಂತಾಗಿ ಗಾಳಿಯ ಸದ್ದು ನಿಂತಿತು. ಅತ್ತಿಗೆ ದನಿ ಇಳಿಸಿ ಕೇಳಿದಳು: "ನೀನು ಫೋನ್ ಮಾಡಿದ್ದು ಒಳ್ಳೇದೇ ಆಯ್ತು. ನನಗೊಂದು ಅನುಮಾನ. ನೀನೇ ನನ್ನನ್ನ ನೋಡಬೇಕು ಅಂದೆಯಂತೆ. ಹೇಗೆ ಹೇಳೋದು ಅಂತ ಸಂಕೋಚಪಡ್ತಾ ಇದ್ದೀಯಂತೆ. ನಾನು ದೋಣಿ ಹತ್ತಿರ ಬರ್ತೀನಿ ಅನ್ನೋದನ್ನ ನಿನಗೆ ಹೇಳದೆ ಇದ್ದರೆ ಖುಷಿಪಡ್ತೀಯಂತೆ. ಇದೆಲ್ಲ ನಿಜವೇನೇ? ಇಲ್ಲ, ನನ್ನ ತಮ್ಮ ಕಥೆ ಕಟ್ಟಿದನಾ? ನೀನು ಹಾಗೆ ಬಾಯಿಬಿಟ್ಟು ಕೇಳೋಳಲ್ಲ."

ಟಚಪ್ ಅಕ್ಕ ಗಂಡನ ಕಡೆ ನೋಡಿದಳು. ಮೇಜಿನ ಆ ಕಡೆ ಅವನು ತಲೆ ತಗ್ಗಿಸಿ, ಆಗಲೇ ಒರೆಸಿದ್ದ ಲೆನ್ಸನ್ನು ಮತ್ತೆ ಒರೆಸುತ್ತಿದ್ದ. ಎರಡು ಕಡೆಗೂ ಸುಳ್ಳು ಹೇಳಿ ನಡುವೆ ಸಿಕ್ಕಿಹಾಕಿಕೊಂಡವನ ಕಿವಿ ಕೆಂಪಗಾಗಿತ್ತು. ಇಲ್ಲ, ನಾನು ಕೇಳಲಿಲ್ಲ, ಎಂದುಬಿಟ್ಟರೆ ಅದು ನಿಜ. ಆ ನಿಜದ ಮೇಲೆ ಯಾರೂ ಬೆರಳಿಡುವಂತಿಲ್ಲ. ಆ ಕಡೆ ಅತ್ತಿಗೆ ಕಾಯುತ್ತಿದ್ದಳು.

"ಹೂಂ ಅತ್ತಿಗೆ," ಎಂದಳು. "ನಾನೇ ಕೇಳಿದೆ."

"ಹಾಗಾದರೆ ಬಾ. ಹಾಸಿಗೆ ಗಟ್ಟಿ. ಆಮೇಲೆ ಹೇಳಲಿಲ್ಲ ಅನ್ನಬೇಡ," ಎಂದು ಅತ್ತಿಗೆ ಫೋನ್ ಇಟ್ಟಳು.

"ಏನಂದಳು?" ಎಂದ ಗಂಡ, ಲೆನ್ಸಿನಿಂದ ಕಣ್ಣೆತ್ತದೆ.

"ಹಾಸಿಗೆ ಗಟ್ಟಿಯಂತೆ." ಅವಳು ಫೋನನ್ನು ಮೇಜಿನ ಮೇಲಿಟ್ಟು ಅವನನ್ನೇ ದಿಟ್ಟಿಸಿದಳು. "ಆ ಫೋಟೋಗಳಿಂದ ಇನ್ನೇನಾದರೂ ಅಳಿಸಿದ್ದರೆ ಈಗಲೇ ಹೇಳಿಬಿಡಿ."

"ಇನ್ನೇನಿರುತ್ತೆ?"

"ರೀ."

ಅವನು ಲೆನ್ಸನ್ನು ಕೆಳಗಿಟ್ಟ. "ಮೂರನೇ ಫೋಟೋದಲ್ಲಿ ಒಂದು ನಾಯಿ ಇತ್ತು. ನಿನಗೆ ನಾಯಿ ಅಂದರೆ ಭಯ ಅಂತ..."

"ಎಷ್ಟು ದೊಡ್ಡದು?"

ಅವನು ಎರಡು ಕೈ ಅಗಲಿಸಿದ. ಅವಳ ಮುಖ ನೋಡಿ, ಮೆಲ್ಲಗೆ ಹತ್ತಿರ ತಂದ.