ಶನಿವಾರದ ಫೋಲ್ಡರ್

ಮೂವತ್ತೆಂಟು ಊರುಗಳ ಹೆಸರಿನ ಮುಂದೆ ಮೂವತ್ತೆಂಟು ಹಸಿರು ಗುರುತು ಬಿದ್ದರೆ ದಿವ್ಯಳಿಗೆ ಅವತ್ತಿನ ಊಟ ಇನ್ನಷ್ಟು ರುಚಿ. ಜಂಬದ ಹುಡುಗಿಯೇನಲ್ಲ. ಆದರೂ ತಾನು ನಂಜನಗೂಡಿನಲ್ಲಿ ಕುಳಿತು ಬರೆದ ನಾಲ್ಕು ಸಾಲನ್ನು ಎರಡು ತಾಲ್ಲೂಕಿನ ಕಂಪ್ಯೂಟರುಗಳು ತುಟಿಪಿಟಿಕ್ಕೆನ್ನದೆ ಪಾಲಿಸುತ್ತವೆ ಎಂದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಮನೆಯಲ್ಲಿ ಒಂದು ಲೋಟ ನೀರು ಕೇಳಿದರೂ ಮೂರು ಸಲ ಕೂಗಬೇಕು.

ಅವಳು ಕೆಲಸಕ್ಕಿದ್ದದ್ದು ‘ಓದುಮನೆ’ ಎಂಬ ಟ್ರಸ್ಟಿನಲ್ಲಿ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಮೂವತ್ತೆಂಟು ಹಳ್ಳಿಗಳಲ್ಲಿ ಟ್ರಸ್ಟಿನ ಓದುವ ಕೋಣೆಗಳಿದ್ದವು. ಪ್ರತಿ ಕೋಣೆಗೂ ಒಂದು ಪುಟ್ಟ ಸರ್ವರ್ ಕಂಪ್ಯೂಟರು, ಒಂದು ಸ್ಕ್ಯಾನರ್, ನೋಡಿಕೊಳ್ಳಲು ಊರಿನವರೇ ಒಬ್ಬರು. ಜನ ಓದುವುದಕ್ಕಿಂತ ಹೆಚ್ಚಾಗಿ ಅರ್ಜಿ ಹಾಕಲು ಬರುತ್ತಿದ್ದರು ಎನ್ನುವುದು ಬೇರೆ ಮಾತು. ಆಧಾರ್, ರೇಷನ್ ಕಾರ್ಡು, ಪಹಣಿ, ಸ್ಕ್ಯಾನ್ ಮಾಡಿದ್ದೆಲ್ಲ ಒಂದೇ ಫೋಲ್ಡರಿಗೆ ಹೋಗಿ ಬಿದ್ದು ಅಲ್ಲೇ ಉಳಿಯುತ್ತಿತ್ತು. ಒಂದೂರಿನಲ್ಲಿ ಯಾರದೋ ಕಾರ್ಡನ್ನು ಇನ್ಯಾರೋ ತೆರೆದು ನೋಡಿ ಜಗಳವಾಯಿತು. ಟ್ರಸ್ಟಿನ ಮುಖ್ಯಸ್ಥರಾದ ಸೋಮಶೇಖರ್, ಇನ್ನು ಮೇಲೆ ಪ್ರತಿ ಶನಿವಾರ ಆ ಫೋಲ್ಡರ್ ಖಾಲಿಯಾಗಲೇಬೇಕು ಎಂದು ಹೇಳಿಬಿಟ್ಟರು. ಫೋಲ್ಡರ್ ಇರಬೇಕು, ಏಕೆಂದರೆ ಸ್ಕ್ಯಾನರಿಗೆ ಬೇರೆ ಜಾಗ ಗೊತ್ತಿಲ್ಲ. ಒಳಗಿರುವುದು ಮಾತ್ರ ಹೋಗಬೇಕು.

ಊರೂರಿಗೆ ಫೋನು ಮಾಡಿ ಅಳಿಸಿ ಎಂದರೆ ಅಳಿಸುವವರು ಯಾರು? ದಿವ್ಯ ಒಂದು ಆಟೊಮೇಶನ್ ಟೂಲ್ ಹಾಕಿದಳು. ಒಂದು ಕಡೆ ಆದೇಶ ಬರೆದರೆ ಸಾಕು, ಅದೇ ಹೋಗಿ ಎಲ್ಲ ಸರ್ವರುಗಳಿಗೂ ಮುಟ್ಟಿಸಿ, ಕೆಲಸ ಮುಗಿದ ಕಡೆಯೆಲ್ಲ ಹಸಿರು ಗುರುತು ಹಾಕಿಕೊಂಡು ಬರುತ್ತದೆ. ನೋಡಿಕೊಳ್ಳುವವರ ವಾಟ್ಸಾಪ್ ಗುಂಪಿಗೆ ಒಂದು ಸೂಚನೆಯನ್ನೂ ಕಳಿಸಿದಳು. ಆ ಗುಂಪಿನಲ್ಲಿ ದಿನಕ್ಕೆ ನಲವತ್ತು ಶುಭೋದಯದ ಹೂವುಗಳು ಬೀಳುತ್ತಿದ್ದವು. ಅವುಗಳ ನಡುವೆ ಸೂಚನೆ ಮುಳುಗಿಹೋಯಿತು. ಆರು ಶನಿವಾರ ಕಳೆದವು. ಆರೂ ಸಲ ಎಲ್ಲ ಹಸಿರು. ಮೀಟಿಂಗಿನಲ್ಲಿ ಸೋಮಶೇಖರ್ ಅವಳ ಹೆಸರು ಹೇಳಿ ಹೊಗಳಿದ್ದೂ ಆಯಿತು.

ಏಳನೆಯ ವಾರದ ಸೋಮವಾರ ಬೆಳಿಗ್ಗೆ ಅಪ್ಪನ ಫೋನು ಬಂತು.

ಅಪ್ಪ ಚನ್ನಯ್ಯ ತಿ. ನರಸೀಪುರದ ಆಚೆಯ ಬಸವನಹುಂಡಿಯ ಓದುವ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು. ಸ್ಕೂಲಿನಲ್ಲಿ ಅಟೆಂಡರ್ ಆಗಿ ನಿವೃತ್ತರಾದ ಮೇಲೆ ಹಿಡಿದ ಕೆಲಸ. ಊರಿನ ಪಕ್ಕದ ರಸ್ತೆ ಅಗಲವಾಗುತ್ತಿತ್ತು, ಅದು ಅವರ ಕೇರಿಯ ಮಸಣದ ಅಂಚನ್ನು ತಿನ್ನುವುದಿತ್ತು. ಎಲ್ಲೆಲ್ಲಿ ಹೆಣ ಹೂತಿದೆ ಎಂದು ತೋರಿಸಿದರೆ ಅಷ್ಟು ಬಿಟ್ಟು ಅಳೆಯುತ್ತೇವೆ ಎಂದಿದ್ದರು ಸರ್ವೆಯವರು. ತೋರಿಸುವುದು ಹೇಗೆ? ಆ ಮಸಣದಲ್ಲಿ ಕಲ್ಲು ನೆಡುವ ವಾಡಿಕೆಯೇ ಇಲ್ಲ. ಐವತ್ತು ವರ್ಷದಿಂದ ಗುಂಡಿ ತೋಡುತ್ತ ಬಂದ ಸಣ್ಣಯ್ಯ ಎಂಬ ಮುದುಕನ ತಲೆಯೇ ಅದರ ಲೆಕ್ಕ. ಯಾವ ಮರದಿಂದ ಎಷ್ಟು ಹೆಜ್ಜೆಗೆ ಯಾರು ಮಲಗಿದ್ದಾರೆ ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಚಳಿಗಾಲದಲ್ಲಿ ಚನ್ನಯ್ಯ ಒಂದು ವಾರ ಅವನ ಹಿಂದೆ ನಡೆದು, ಇನ್ನೂರು ಚಿಲ್ಲರೆ ಜನರ ಜಾಗವನ್ನು ಅವನ ಬಾಯಲ್ಲೇ ಹೇಳಿಸಿ ಫೋನಿನಲ್ಲಿ ಹಿಡಿದಿಟ್ಟಿದ್ದರು. ಆಮೇಲೆ ಸಣ್ಣಯ್ಯನಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು.

ಗುರುವಾರ ಸರ್ವೆಯವರು ಬರುತ್ತಾರಂತೆ, ಆ ರೆಕಾರ್ಡನ್ನು ಪೆನ್‌ಡ್ರೈವಿಗೆ ಹಾಕುವುದು ಹೇಗೆ ಎಂದು ಕೇಳಲು ಅಪ್ಪ ಫೋನು ಮಾಡಿದ್ದರು. ಫೋನಿನಲ್ಲೇ ಇದೆಯಲ್ಲ, ಅದನ್ನೇ ಕೇಳಿಸಿದರಾಯಿತು ಎಂದಳು ದಿವ್ಯ.

“ಪೋನ್ನಲ್ಲಿ ಎಲ್ಲದೆ? ಪೋನ್ ತುಂಬೋಯ್ತು ಅಂದಾಗ ನೀನೇ ಏಳ್ದಲ್ಲವ್ವ, ಕಂಪ್ಯೂಟರ್ಗೆ ಆಕ್ಬುಟ್ಟು ಪೋನ್ನಲ್ಲಿ ಅಳಿಸ್ಬುಡು ಅಂತ.”

“ಕಂಪ್ಯೂಟರಲ್ಲಿ ಎಲ್ಲಿ ಹಾಕಿದ್ದೀಯಪ್ಪ?”

“ಅಲ್ಲಿರೋದು ಒಂದೇ ಪೋಲ್ಡರು ಕಣವ್ವ. ಅದ್ರೊಳಗೇ ಆಕಿವ್ನಿ.”

ಅದು ಶನಿವಾರ ಶನಿವಾರ ದಿವ್ಯ ಖಾಲಿ ಮಾಡಿಸುತ್ತಿದ್ದ ಫೋಲ್ಡರ್. ಪರದೆಯ ಮೇಲೆ ಗೊಂದಲ ಬೇಡ ಎಂದು ಬೇರೆಲ್ಲ ಬಚ್ಚಿಟ್ಟು ಒಂದೇ ಫೋಲ್ಡರ್ ಕಾಣುವಂತೆ ಮಾಡಿದ್ದವಳು ಅವಳೇ. ಮನೆಯಲ್ಲಿ ಬೆಲೆಬಾಳುವುದೆಲ್ಲ ಒಂದೇ ಟ್ರಂಕಿಗೆ ಹೋಗುವ ಊರಿನವರು ಕಣ್ಣೆದುರಿನ ಫೋಲ್ಡರ್ ಬಿಟ್ಟು ಬೇರೆಲ್ಲಿ ಹಾಕಿಯಾರು? ಅಷ್ಟು ಗೊತ್ತಾಗದೆ ಹೋಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಅಳಿಸಿದ ಫೈಲನ್ನು ಕೆಲವೊಮ್ಮೆ ಡಿಸ್ಕಿನಿಂದ ಹೊರಗೆ ತೆಗೆಯಬಹುದು, ಆದರೆ ಅದರ ಮೇಲೆ ಬೇರೇನೂ ಬರೆಯದಿದ್ದರೆ ಮಾತ್ರ. ಆದ್ದರಿಂದ ತಾನು ಬರುವ ತನಕ ಸರ್ವರ್ ಆನ್ ಮಾಡಬೇಡ ಎಂದು ಅಪ್ಪನಿಗೆ ಹೇಳಿದಳು. ಯಾಕೆ ಎಂದು ಅವರು ಕೇಳಿದ್ದಕ್ಕೆ ಬಂದು ಹೇಳುತ್ತೇನೆ ಎಂದು ಫೋನಿಟ್ಟಳು. ಸೋಮವಾರ ಓದುವ ಕೋಣೆಗೆ ರಜೆ. ಹೇಗೂ ಆಫಾಗಿರುತ್ತದೆ ಎಂಬುದೊಂದೇ ಸಮಾಧಾನ.

ಸೋಮಶೇಖರ್ ಹತ್ತಿರ ಊರಿಗೆ ಹೋಗಿಬರುವುದಿದೆ ಎಂದಷ್ಟೇ ಹೇಳಿ, ಡಿಸ್ಕ್ ಬಿಚ್ಚಲು ಬೇಕಾದ ಸ್ಕ್ರೂಡ್ರೈವರನ್ನು ಬ್ಯಾಗಿಗೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದಳು. ಬಸ್ಸು ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿತು. ಆರು ವಾರ. ಅಷ್ಟು ದಿನದಲ್ಲಿ ಎಷ್ಟು ರೇಷನ್ ಕಾರ್ಡು ಸ್ಕ್ಯಾನ್ ಆಗಿರಬಹುದು, ಒಂದೊಂದೂ ಸಣ್ಣಯ್ಯ ತಾತನ ಒಂದೊಂದು ಮಾತಿನ ಮೇಲೆ ಕೂತಿರಬಹುದು ಎಂದು ಲೆಕ್ಕ ಹಾಕುತ್ತ ಹೋದಳು. ಕಳ್ಳರಾದರೂ ಒಂದು ಸಲ ಬಂದು ಹೋಗುತ್ತಾರೆ. ತಾನು ಆರು ಸಲ ಹೋಗಿ, ಏನಾದರೂ ಉಳಿದಿದೆಯೇ ಎಂದು ತಡಕಾಡಿ ಬಂದಿದ್ದೇನೆ. ಗುರುವಾರ ಸರ್ವೆಯವರ ಮುಂದೆ ಅಪ್ಪ ಬರಿಗೈಲಿ ನಿಲ್ಲುವುದು ಕಣ್ಣಿಗೆ ಕಟ್ಟಿತು. ಕಿಟಕಿ ಕಡೆ ಮುಖ ತಿರುಗಿಸಿ ಅತ್ತಳು.

ಬಸವನಹುಂಡಿಯಲ್ಲಿ ಆಟೊ ಇಳಿದಾಗ ಓದುವ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಅಪ್ಪ ಮಾತು ಕೇಳಲಿಲ್ಲ, ಆನ್ ಮಾಡಿಬಿಟ್ಟಿದ್ದಾರೆ. ಇದ್ದ ಒಂದು ದಾರಿಯೂ ಮುಚ್ಚಿತು ಎಂದುಕೊಂಡು ಮೆಟ್ಟಿಲಿನ ಹತ್ತಿರ ಬಂದಳು. ಅಷ್ಟರಲ್ಲಿ ಒಳಗಿನಿಂದ ಮಾತು ಕೇಳಿಸಿತು.

“ಒಂಗೆಮರ ಬೆನ್ನಿಗಾಕೊ. ಒಂಬತ್ತು ಎಜ್ಜೆ ಬಾ. ಇಲ್ಲವ್ನೆ ಕುಂಟ ಮಾದ. ಅವ್ನ ಪಕ್ಕ್ದಲ್ಲೇ ಅವ್ನೆಂಡ್ತಿ.”

ಸಣ್ಣಯ್ಯನ ದನಿ. ಎರಡು ತಿಂಗಳಿಂದ ಬಾಯಿಂದ ಒಂದಕ್ಷರ ಹೊರಡದ ಸಣ್ಣಯ್ಯನ ದನಿ. ದಿವ್ಯ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಒಳಗೆ ಹೋಗಿ ನೋಡುವ ಆತುರಕ್ಕಿಂತ, ಸುಮ್ಮನೆ ಕೂತು ಇನ್ನೊಂದು ಹೆಸರು, ಮತ್ತೊಂದು ಹೆಸರು ಕೇಳಬೇಕು ಅನ್ನಿಸಿತು.

ಒಳಗೆ ಕುರ್ಚಿಯಲ್ಲಿ ಸಣ್ಣಯ್ಯ ಒಂದು ಪಕ್ಕಕ್ಕೆ ವಾಲಿಕೊಂಡು ಕೂತಿದ್ದ. ತನ್ನ ಮಾತನ್ನು ತಾನೇ ಕೇಳುತ್ತ, ಇನ್ನೂ ಆಡುತ್ತಿದ್ದ ಎಡಗೈಯಿಂದ ಗಾಳಿಯಲ್ಲಿ ಹೆಜ್ಜೆ ಎಣಿಸುತ್ತಿದ್ದ. ಮುದುಕನಿಗೆ ಬೇಜಾರಾಗಿದೆ ಎಂದು ಸೊಸೆ ಕರೆತಂದಳಂತೆ, ಅದಕ್ಕೇ ಆನ್ ಮಾಡಿದೆ, ಏನಾದರೂ ಕೆಟ್ಟುಹೋಯಿತೇ ಎಂದು ಅಪ್ಪ ಅಳುಕುತ್ತ ಕೇಳಿದರು. ಏನೂ ಕೆಟ್ಟಿಲ್ಲ ಎಂದು ಹೇಳಿ ದಿವ್ಯ ಫೋಲ್ಡರ್ ತೆರೆದಳು. ಸಣ್ಣಯ್ಯನ ಏಳು ದಿನದ ಮಾತು ಅಲ್ಲೇ ಇತ್ತು. ಅದರ ಜೊತೆಗೆ ಆರು ವಾರದ ಆಧಾರ್, ರೇಷನ್ ಕಾರ್ಡು, ಪಹಣಿ, ಯಾರದೋ ಮದುವೆಯ ಕರೆಯೋಲೆ, ಎಲ್ಲ ಇತ್ತು. ಒಂದು ಚೂರೂ ಅಳಿಸಿರಲಿಲ್ಲ.

ಮೊದಲು ಪೆನ್‌ಡ್ರೈವಿಗೆ ಒಂದು, ಅಪ್ಪನ ಫೋನಿಗೆ ಒಂದು, ತನ್ನ ಫೋನಿಗೆ ಒಂದು ಪ್ರತಿ ಮಾಡಿಕೊಂಡಳು. ಆಮೇಲೆ ತನ್ನ ನಾಲ್ಕು ಸಾಲನ್ನು ತೆರೆದು ಓದಿದಳು. ಫೋಲ್ಡರಿನ ಹೆಸರಿನ ಕೊನೆಗೆ ಒಂದು ನಕ್ಷತ್ರದ ಚಿಹ್ನೆ ಹಾಕಿದ್ದಳು. ಒಳಗಿರುವುದೆಲ್ಲ ಎಂದು ಅದರ ಅರ್ಥ. ಆಫೀಸಿನ ಕಂಪ್ಯೂಟರಿನಲ್ಲಿ ಕೈಯಾರೆ ಟೈಪ್ ಮಾಡಿ ನೋಡಿದಾಗ ಸರಿಯಾಗಿಯೇ ಅಳಿಸಿತ್ತು. ಅಲ್ಲಿ ಆ ಚಿಹ್ನೆಯನ್ನು ಬಿಡಿಸಿ ಹೇಳುವ ಒಂದು ಪ್ರೋಗ್ರಾಂ ನಡುವೆ ಇತ್ತು. ಅವಳು ಟೂಲಿನಲ್ಲಿ ಆರಿಸಿಕೊಂಡ ದಾರಿಯಲ್ಲಿ ಅದು ಇರಲಿಲ್ಲ. ಆದೇಶ ಊರಿಗೆ ಹೋಗಿ ಆ ಚಿಹ್ನೆಯೇ ಹೆಸರಾಗಿರುವ ಒಂದೇ ಒಂದು ಫೈಲನ್ನು ಹುಡುಕಿತ್ತು, ಅಂಥದ್ದು ಯಾವ ಊರಿನಲ್ಲೂ ಇರಲಿಲ್ಲ. ಸಿಗದಿದ್ದರೆ ತಕರಾರು ಮಾಡಬೇಡ ಎಂದೂ ಅವಳೇ ಬರೆದಿದ್ದಳು. ತಕರಾರಿಲ್ಲ ಎಂದ ಮೇಲೆ ಟೂಲಿಗೇನು, ಹಸಿರು ಗುರುತು ಹಾಕಿತು. ಆರು ವಾರ ಮೂವತ್ತೆಂಟು ಊರಿಗೆ ಹೋಗಿ ಏನನ್ನೂ ಮಾಡದೆ ಬಂದ ಕೆಲಸಕ್ಕೆ ಮೀಟಿಂಗಿನಲ್ಲಿ ಚಪ್ಪಾಳೆ ಬಿದ್ದಿತ್ತು. ದಿವ್ಯಳಿಗೆ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಸಣ್ಣಯ್ಯನೂ ಯಾಕೆಂದು ಗೊತ್ತಿಲ್ಲದೆ ಅರ್ಧ ತುಟಿಯಲ್ಲಿ ನಕ್ಕ.

ನಗು ಮುಗಿದ ಮೇಲೆ ಅಪ್ಪನಿಗೆ ನಿಜ ಹೇಳಿದಳು. ಆರು ಸಲ ಅಳಿಸು ಎಂದು ತಾನೇ ಹೇಳಿದ್ದೆ, ತನ್ನ ತಪ್ಪಿನಿಂದಲೇ ಉಳಿಯಿತು ಎಂದಳು. ಚನ್ನಯ್ಯ ಪರದೆಯಿಂದ ಅವಳ ಕಡೆ ತಿರುಗಿದರು.

“ಆರ್ ಸಲದಲ್ಲಿ ಒಂದ್ಸಲನಾದ್ರೂ ಕೇಳ್ಬೇಕಿತ್ತು ಕಣವ್ವ,” ಎಂದರು.

ಅವರು ಬೈದಿದ್ದರೆ ಇಷ್ಟು ತಾಗುತ್ತಿರಲಿಲ್ಲ. ದಿವ್ಯ ಅಲ್ಲಿಂದಲೇ ಸೋಮಶೇಖರ್‌ಗೆ ಫೋನು ಮಾಡಿ, ಆರು ವಾರದ ಹಸಿರು ಗುರುತುಗಳೆಲ್ಲ ಸುಳ್ಳು ಎಂದು ಒಪ್ಪಿಕೊಂಡಳು. ಅವರು ಯಾರ ವಸ್ತುವಾದರೂ ಹೋಗಿದೆಯೇ ಎಂದು ಕೇಳಿದರು. ಇಲ್ಲ ಎಂದಾಗ, ಹಾಗಿದ್ದರೆ ಮೊದಲು ಕೇಳಿ ಆಮೇಲೆ ಅಳಿಸು, ಆದರೆ ಅಳಿಸುವುದನ್ನು ಮರೆಯಬೇಡ, ಜನರ ಕಾರ್ಡುಗಳು ಇನ್ನೂ ಅಲ್ಲೇ ಬಿದ್ದಿವೆ ಎಂದರು.

ಅವತ್ತೂ ಮಾರನೆಯ ದಿನವೂ ಅವಳು ಉಳಿದ ಮೂವತ್ತೇಳು ಊರಿಗೂ ಒಂದೊಂದಾಗಿ ಫೋನು ಮಾಡಿದಳು. ಫೋಲ್ಡರಿನಲ್ಲಿ ನಿಮ್ಮದೇನಾದರೂ ಇಟ್ಟಿದ್ದೀರಾ ಎಂಬ ಒಂದೇ ಪ್ರಶ್ನೆ. ಹನ್ನೊಂದು ಊರಿನವರು ಇಟ್ಟಿದ್ದರು. ದೇವನೂರಿನ ಮಂಗಳಗೌರಿ ಎಂಬಾಕೆ ತೀರಿಹೋದ ಗಂಡನ ಒಂದೇ ಒಂದು ಫೋಟೊವನ್ನು ಅಲ್ಲಿ ಸ್ಕ್ಯಾನ್ ಮಾಡಿಟ್ಟಿದ್ದಳು. ಮೂಲವನ್ನು ಇಲಿ ಕಡಿದಿತ್ತು. ಫೋಲ್ಡರ್ ಖಾಲಿಯಾಗುತ್ತಿಲ್ಲ ಎಂಬುದನ್ನು ನಾಲ್ಕೈದು ಜನ ಗಮನಿಸಿಯೂ ಇದ್ದರು. ಆಫೀಸಿನವರ ತಪ್ಪನ್ನು ಆಫೀಸಿನವರಿಗೇ ಹೇಳುವುದು ಹೇಗೆ ಎಂದು ಸುಮ್ಮನಿದ್ದರಂತೆ. ತಮ್ಮದನ್ನು ಇಟ್ಟಿದ್ದವರಿಗೆಲ್ಲ ಬೇರೆ ಜಾಗ ಮಾಡಿಕೊಟ್ಟು, ಸಾಲನ್ನು ತಿದ್ದಿ, ಬುಧವಾರ ಮಧ್ಯಾಹ್ನ ಆದೇಶ ಕಳಿಸಿದಳು. ಈ ಸಲ ಗುರುತುಗಳು ನಿಧಾನವಾಗಿ ಬಿದ್ದವು. ಅವನ್ನು ನಂಬಲು ಹೋಗದೆ ಒಂದೊಂದು ಊರಿನ ಫೋಲ್ಡರನ್ನೂ ತೆರೆದು ಕಣ್ಣಾರೆ ನೋಡಿದಳು. ಫೋಲ್ಡರ್ ಇತ್ತು, ಒಳಗೆ ಏನೂ ಇರಲಿಲ್ಲ. ಹೊಟ್ಟೆ ತುಂಬ ಊಟ ಮಾಡಿ ಮಲಗಿದವಳಿಗೆ ಬೆಳಗಾದದ್ದೇ ಗೊತ್ತಾಗಲಿಲ್ಲ.

ಗುರುವಾರ ರಜೆ ಹಾಕಿ ಬಸವನಹುಂಡಿಗೆ ಬಂದಳು. ಸರ್ವೆಯವರು ಟೇಪು ಹಿಡಿದು ಮಸಣದಲ್ಲಿ ರಸ್ತೆಯ ಕಡೆಗೆ ನಿಂತಿದ್ದರು. ಫೋನು ಹಿಡಿದ ದಿವ್ಯ ಮುಂದೆ, ಸುಣ್ಣದ ಬುಟ್ಟಿ ಹಿಡಿದ ಅಪ್ಪ ಹಿಂದೆ. ಸಣ್ಣಯ್ಯನನ್ನು ಹೊಂಗೆಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದ್ದರು. ದನಿ ಹೇಳಿದಂತೆ ದಿವ್ಯ ನಡೆದಳು, ನಿಂತಲ್ಲಿ ಅಪ್ಪ ಸುಣ್ಣ ಚೆಲ್ಲಿದರು. ಇದೆಲ್ಲ ಬರಿಯ ಬಾಯಿಮಾತಲ್ಲವೇ ಎಂದು ಸರ್ವೆಯವರು ಒಂದೆರಡು ಸಲ ಗೊಣಗಿದರು, ಆದರೂ ಜೊತೆಗೆ ಬಂದರು. ಕೊನೆಗೆ ರಸ್ತೆಗೆ ಹೋಗಲಿದ್ದ ಅಂಚಿಗೇ ಬಂದಾಗ, ದನಿ ಇದ್ದಕ್ಕಿದ್ದಂತೆ ಗದರಿತು. ಅದು ಚಳಿಗಾಲದಲ್ಲಿ ಸಣ್ಣಯ್ಯ ಅಪ್ಪನಿಗೆ ಹೇಳಿದ್ದ ಮಾತು.

“ಈಚ್ಗೆ ಬಾ ಚನ್ನ. ನಿಮ್ಮವ್ವನ್ ಮ್ಯಾಲ್ ನಿಂತಿದ್ದೀಯ.”

ಅಪ್ಪನ ತಾಯಿ ಸಾಕಮ್ಮ, ದಿವ್ಯ ಹುಟ್ಟುವ ಮೊದಲೇ ಹೋದ ಅಜ್ಜಿ. ಅವಳ ಜಾಗ ಯಾವುದು ಎಂದು ಅವತ್ತಿನ ತನಕ ದಿವ್ಯ ಕೇಳಿರಲೇ ಇಲ್ಲ. ದಿವ್ಯ ತಟ್ಟನೆ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿದಳು. ಅವಳ ಜೊತೆಗೇ ಸರ್ವೆಯವರೂ, ಯಾರೂ ಹೇಳದೆ, ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತರು. ಆಮೇಲೆ ಬಿಚ್ಚಿದ್ದ ಟೇಪನ್ನು ಸುತ್ತಿಕೊಂಡು, ಸುಣ್ಣದ ಗುರುತುಗಳ ಆಚೆಯಿಂದ ಮತ್ತೆ ಅಳೆಯತೊಡಗಿದರು.