ನಿಂಬೆಹಣ್ಣಿನ ಶಾಸ್ತ್ರ

"ಆ ಕುಂಕುಮದ ಡಬ್ಬಿ ನಿಸರ್ಗನ ಕೈಗೆ ಕೊಡವ್ವ," ಎಂದರು ಪುಟ್ಟಸ್ವಾಮಿ.

ಕೈಗವಸು ಬಿಚ್ಚಿ, ಕೆಳಗೆ ನಿಂಬೆಹಣ್ಣು ಇಟ್ಟಿದ್ದ ತನ್ನ ಸ್ಕೀ ಹಲಗೆಗಳ ಮುಂದೆ ಮಂಡಿಯೂರಿದ್ದ ಸಿಂಧು ತಲೆಯೆತ್ತಿದಳು. ಔಲಿಯ ಹಿಮದ ಇಳಿಜಾರಿನ ನೆತ್ತಿಯಲ್ಲಿ ಹಾಸನದ ವಾಕಿಂಗ್ ಗುಂಪಿನವರೆಲ್ಲ ಬಾಡಿಗೆಯ ದಪ್ಪ ಬೂಟು ಹಾಕಿಕೊಂಡು, ಏನೂ ಕೇಳಿಸದವರಂತೆ ಎದುರಿನ ಬೆಟ್ಟ ನೋಡುತ್ತಿದ್ದರು.

"ಯಾಕಣ್ಣ? ಪ್ರತಿ ವರ್ಷ ನಾನೇ ಅಲ್ವಾ ಇಡೋದು?"

"ಬೇಜಾರ್ ಮಾಡ್ಕಬ್ಯಾಡ ಕಣವ್ವ. ಒಳ್ಳೇ ಕೆಲ್ಸ ಸುರು ಮಾಡೋವಾಗ ಮುತ್ತೈದೆ ಕೈಲಿ ಆಗ್ಲಿ ಅಂತ, ಅಷ್ಟೇಯ. ಶಾಸ್ತ್ರ ಅಂತ ಒಂದೈತಲ್ಲ."

ಶಾಸ್ತ್ರವಂತೆ, ಶಾಸ್ತ್ರ! ಸ್ಕೀ ಹಲಗೆಗೆ ಯಾವ ಋಷಿ ಶಾಸ್ತ್ರ ಬರೆದಿಟ್ಟಿದ್ದನೋ! ಮೊದಲ ಸಲ ಹಿಮಕ್ಕೆ ಬಂದಾಗ ಇದೇ ಪುಟ್ಟಸ್ವಾಮಿಯವರ ಕಾಲು ಗಡಗಡ ನಡುಗುತ್ತಿದ್ದವು. ಅವರನ್ನು ನಗಿಸಲೆಂದು ಸಿಂಧುವಿನ ಗಂಡ ಶಿವಕುಮಾರ್, "ಹೊಸಾ ಗಾಡಿ ಕಣಣ್ಣ, ಪೂಜೆ ಮಾಡ್ದೆ ಓಡ್ಸೋದುಂಟಾ?" ಎಂದು ಹಲಗೆಗಳ ಕೆಳಗೆ ನಿಂಬೆಹಣ್ಣು ಇಟ್ಟು, ಹೆಂಡತಿಯ ಕೈಲಿ ಕುಂಕುಮ ಹಚ್ಚಿಸಿದ್ದ. ಹಣ್ಣು ಒಡೆಯದೆ ಹಿಮದೊಳಗೆ ಹೂತುಹೋದಾಗ ಹೊಟ್ಟೆ ಹಿಡಿದುಕೊಂಡು ನಕ್ಕವನೂ ಅವನೇ. ಮರುವರ್ಷಕ್ಕೆ ಆ ತಮಾಷೆ ಪದ್ಧತಿಯಾಯಿತು. ಅದರ ಜೊತೆಗೆ ಇನ್ನಷ್ಟು ಸೇರಿಕೊಂಡವು: ಹಿರಿಯರೇ ಮೊದಲು ಇಳಿಯಬೇಕು, ಕೊನೆಯವರು ಇಳಿದು ಬರುವ ತನಕ ಕೆಳಗೆ ಯಾರೂ ಟೀ ಮುಟ್ಟಬಾರದು. ಕಳೆದ ಬೇಸಿಗೆಯಲ್ಲಿ ಎದೆನೋವು ಬಂದು ಶಿವಕುಮಾರ್ ತೀರಿಕೊಂಡ. ಅವನು ನಗಿಸಲು ಕಟ್ಟಿದ ಶಾಸ್ತ್ರ ಈಗ ಅವನ ಹೆಂಡತಿಯನ್ನೇ ಆಚೆಗೆ ನಿಲ್ಲು ಎನ್ನುತ್ತಿತ್ತು.

ನಿಸರ್ಗ ಅಳುಕುತ್ತಲೇ ಕೈ ಚಾಚಿದಳು. ಅವಳ ಗಂಡ ಅನಿಲ್‌ಕುಮಾರ್, "ಕೊಟ್ಬುಡಿ ಅಕ್ಕ, ದೊಡ್ಡೋರು ಹೇಳ್ತಾವ್ರೆ. ಚಿಕ್ಕ ವಿಚಾರ," ಎಂದ.

ಸಿಂಧುವಿಗೆ ಮೈಯೆಲ್ಲ ಉರಿದುಹೋಯಿತು. "ನೀನು ಬರ್ಲೇಬೇಕು ಕಣವ್ವ, ನೀನಿಲ್ದೆ ಟ್ರಿಪ್ಪಾ?" ಎಂದು ಮನೆಬಾಗಿಲಿಗೆ ಬಂದು ಕರೆದವರು ಇದೇ ಪುಟ್ಟಸ್ವಾಮಿ. ಆಗ ಇಲ್ಲದ ಶಾಸ್ತ್ರ ಈ ಬೆಟ್ಟದ ಮೇಲೆ ಎಲ್ಲಿಂದ ಉದುರಿತು?

"ಚಿಕ್ಕ ವಿಚಾರನಾ? ಹೋದ್ವರ್ಷ ಮುತ್ತೈದೆ ಕೈಲೇ ಇಡ್ಸಿದ್ರಲ್ಲಣ್ಣ. ನಮ್ಮೆಜಮಾನ್ರು ಉಳ್ಕಂಡ್ರಾ?"

ನಿಸರ್ಗ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಸಿಂಧು ಒಂದು ಚಿಟಿಕೆ ಕುಂಕುಮ ತೆಗೆದು ತನ್ನ ಹಲಗೆಗಳ ಮೂತಿಗೆ ಮಾತ್ರ ಹಚ್ಚಿದಳು. ಡಬ್ಬಿಯನ್ನು ಜೇಬಿಗಿಟ್ಟು ಜಿಪ್ ಎಳೆದಳು. ಎದ್ದು ಬೂಟುಗಳನ್ನು ಹಲಗೆಗೆ ಸಿಕ್ಕಿಸಿದಳು.

"ಏಯ್, ದೊಡ್ಡೋರು ಮೊದ್ಲು ಇಳೀಬೇಕು ಕಣವ್ವ!"

"ಇಳ್ಕಳಿ. ನಿಮ್ ಶಾಸ್ತ್ರ ಮುಗುಸ್ಕಂಡು ನಿಧಾನಕ್ಕೆ ಬನ್ನಿ."

ಕೋಲು ಊರಿ ತಳ್ಳಿದಳು. ನಿಂಬೆಹಣ್ಣುಗಳು ಎಂದಿನಂತೆ ಹಿಮದಲ್ಲಿ ಹೂತುಹೋದವು. ಅರ್ಧ ದಾರಿಯಲ್ಲಿ ದಬಕ್ಕನೆ ಬಿದ್ದಳು. ಎಲ್ಲರನ್ನೂ ಬೈಯುತ್ತಲೇ ಎದ್ದು ಮತ್ತೆ ಇಳಿದಳು.

ಕೆಳಗಿನ ಟೀ ಅಂಗಡಿಯವನಿಗೆ ಹಾಸನದವರ ಪದ್ಧತಿ ಗೊತ್ತಿತ್ತು. ಉಳಿದವರೂ ಬರಲಿ ಅಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಸಿಂಧು ಬೇಡವೆಂದು ತಲೆಯಾಡಿಸಿ ಗ್ಲಾಸು ಇಸಿದುಕೊಂಡಳು. ಬೆರಳ ತುದಿಯಲ್ಲಿ ಕುಂಕುಮ ಇನ್ನೂ ಕೆಂಪಗಿತ್ತು.

ಮೇಲೆ ಗುಂಪು ನಿಂತಲ್ಲೇ ನಿಂತಿತ್ತು. ಅವಳು ಅತ್ತ ನೋಡುತ್ತಲೇ ಒಂದು ಗುಟುಕು ಕುಡಿದಳು. ನಾಲಿಗೆ ಸುಟ್ಟಿತು. ಇನ್ನೊಂದು ಗುಟುಕು ಕುಡಿದಳು.