ಮಾಳವ್ವನ ಉಣ್ಣೆ ಸ್ವೇಟರ್

ಸೂಜಿ ಮತ್ತೆ ಹೊಲಿಗೆ ಹಾರಿಸಿತು. ಅಂದಪ್ಪ ದಾರ ಹರಿದು, ಹೊಸದಾಗಿ ಪೋಣಿಸಿ, ಮಷಿನ್ ತುಳಿದ. ಒಂದಿಷ್ಟು ಹೊಲಿಗೆ ಬಿತ್ತು, ಮತ್ತೆ ಹಾರಿತು.

"ಇದರ ಮನಿ ಹಾಳಾಗ!"

ಎಳೆದರೆ ಹಿಗ್ಗುವ ಉಣ್ಣೆ ಬಟ್ಟೆ ಅದು. ಬೆಟಗೇರಿಯ ಅರ್ಧ ಊರಿಗೆ ಅಂಗಿ, ಜಂಪರು ಹೊಲಿದುಕೊಟ್ಟ ಕೈಗೆ ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ.

ನಾದಿನಿ ಕಳಕವ್ವ ಪಡಸಾಲೆಯಿಂದ ಬಂದು ಬಾಗಿಲಲ್ಲಿ ನಿಂತಳು. "ಮಾವಾರ, ನಮ್ಮಕ್ಕನ್ನ ಅಲ್ಲಿ ಕುಂಡ್ರಿಸಿ ಇಲ್ಲಿ ಮಷಿನ್ ತುಳಿಯಾಕ ಹತ್ತೀರಲ್ಲ, ಮಂದಿ ಏನಂದಾರು?"

"ಅನ್ಲಿ ಬಿಡು."

"ಕುಣಿ ತಗದು ಆಗೇತಿ. ಹೊತ್ತು ಮುಳುಗೂದ್ರಾಗ ಒಯ್ಯಬೇಕು."

"ಒಂದ ತೋಳು ಉಳದೈತಿ. ತಡಿ ಅಂದ್ನಲ್ಲ!"

ಪಡಸಾಲೆಯಲ್ಲಿ ಅವನ ಹೆಂಡತಿ ಮಾಳವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಬೆಳಗಿನ ಜಾವ ನೀರು ಕಾಯಿಸಲೆಂದು ಒಲೆ ಹಚ್ಚಿದವಳು ಅಲ್ಲೇ ಕುಸಿದು ಜೀವ ಬಿಟ್ಟಿದ್ದಳು. ಬೆಳ್ಳಟ್ಟಿಯಿಂದ ಬಂದ ತಂಗಿ ಕಳಕವ್ವ ತವರಿನ ಹಸಿರು ಸೀರೆ ಉಡಿಸಿದ್ದಳು. ಬಂದ ನೆಂಟರೂ ಒಬ್ಬೊಬ್ಬರಾಗಿ ಸೀರೆ ಹೊದಿಸುತ್ತಿದ್ದರು. ಚಳಿ ಚಳಿ ಎಂದು ನಡುಗುತ್ತಿದ್ದವಳ ಮೇಲೆ ಈಗ ಬಟ್ಟೆಯ ರಾಶಿ! ಇದಕ್ಕೆ ಏನನ್ನಬೇಕು?

ಮುಂಜಾನೆ ಜಂಪರು ಹುಡುಕಲು ಟ್ರಂಕ್ ತೆಗೆದಾಗ ಉಣ್ಣೆ ಬಟ್ಟೆ ಹೊರಬಿದ್ದಿತ್ತು. ಒಂದಲ್ಲ, ಹಲವು ತುಂಡು. ಎಲ್ಲವೂ ಕಾಫಿ ಬಣ್ಣದವೇ, ಆದರೆ ಒಂದಕ್ಕೊಂದು ಪೂರಾ ಹೊಂದುತ್ತಿರಲಿಲ್ಲ.

"ಈ ತುಂಡು ನಾನ ಶಿರಹಟ್ಟಿ ಸಂತ್ಯಾಗ ತಂದಕೊಟ್ಟಿದ್ದೆ," ಎಂದು ಕಳಕವ್ವ ಅತ್ತಿದ್ದಳು. "ಇದು ಲಕ್ಷ್ಮೇಶ್ವರದ್ದು. ‘ನಮ್ಮ ಮನಿಯವ್ರು ಸ್ವೇಟರಿಗೆ ಅರಿವಿ ಸಾಲೂದಿಲ್ಲ ಅಂತಾರ, ಇದ ಬಣ್ಣದ್ದು ಸಿಕ್ಕರ ತಾ’ ಅಂತ ಕಂಡೋರಿಗೆಲ್ಲ ಹೇಳತಿದ್ಲು. ಇಬ್ಬರಿಗೆ ಆಗೂವಷ್ಟು ಐತಲ್ರೀ ಇಲ್ಲೆ!"

ಅಂದಪ್ಪ ಆ ತುಂಡುಗಳ ಗಂಟು ಎತ್ತಿಕೊಂಡು ಹೋಗಿ ಮಷಿನ್ ಮುಂದೆ ಕೂತವನು ಇನ್ನೂ ಎದ್ದಿರಲಿಲ್ಲ.

*

ಮಾಳವ್ವ ಪಕ್ಕದ ನೇಕಾರರ ಮನೆಗಳಿಗೆ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ಒಂದು ಚಳಿಗಾಲದಲ್ಲಿ ಗದಗಿನ ಪೇಟೆಯಿಂದ ಮೊದಲ ತುಂಡು ತಂದು ಗಂಡನ ಮುಂದೆ ಹರವಿದ್ದಳು.

"ನೂಲು ಹಿಡಿಯಾಕ ಕೈ ನಡಗತಾವ್ರಿ. ಮುಂದ ಗುಂಡಿ ಇರೂವಂಥ ಸ್ವೇಟರ್ ಹೊಲದುಕೊಡ್ರಿ."

"ಅಂಗಡ್ಯಾಗ ರೆಡಿಮೇಡ್ ಸಿಗತಾವ."

"ಬ್ಯಾಡ್ರಿ. ಓಣಿ ಮಂದಿಗೆಲ್ಲ ಹೊಲೀತೀರಿ, ನನಗೂ ನೀವ ಹೊಲದದ್ದು ಬೇಕು."

ಅವಳು ಕೆಲಸಕ್ಕೆ ಹೋದ ಮೇಲೆ ಅಂದಪ್ಪ ಅಂಚಿನ ಚೂರೊಂದನ್ನು ಕತ್ತರಿಸಿ ಹೊಲಿದು ನೋಡಿದ. ಬಟ್ಟೆ ಹಪ್ಪಳದಂತೆ ಸುರುಟಿಕೊಂಡಿತು. ಚೂರನ್ನು ಒಲೆಗೆ ಹಾಕಿದ. ನನಗೆ ಇದು ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಟೇಲರ್ ಆದವನು ಹೆಂಡತಿಯ ಮುಂದೆ ಹಾಗೆ ಹೇಳಿಕೊಳ್ಳುವುದುಂಟೇ?

"ಅರಿವಿ ಸಾಲೂದಿಲ್ಲ," ಅಂದ, ಅವಳು ಸಂಜೆ ಮನೆಗೆ ಬಂದಾಗ.

"ಎಷ್ಟು ಬೇಕ್ರಿ?"

"ಇನ್ನೊಂದೀಟು."

ಅವಳು ನಂಬಿದಳು. ಪ್ರತಿ ಚಳಿಗಾಲಕ್ಕೆ ಎಲ್ಲಿಂದಲೋ ಮತ್ತೊಂದು ತುಂಡು ತಂದು, "ಈಗ ಆಗತೈತೇನ್ರಿ?" ಎಂದು ಕೇಳುತ್ತಿದ್ದಳು. "ಬಣ್ಣ ಹೊಂದೂದಿಲ್ಲ" ಎಂದು ಅವನು ಮುಖ ತಿರುಗಿಸುತ್ತಿದ್ದ. ಒಂದು ಸಲವಾದರೂ ಜಗಳವಾಡಬಾರದಿತ್ತೇ? ಅವಳು ಸುಮ್ಮನೆ ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದಳು.

*

ಅಂತೂ ಎರಡನೆಯ ತೋಳು ಕೂಡಿತು. ಅಂಚೆಲ್ಲ ಸೊಟ್ಟ. ಅಂದಪ್ಪ ಸ್ವೇಟರ್ ಹಿಡಿದು ಪಡಸಾಲೆಗೆ ಬಂದ. ಹೊದಿಸಿದ ಸೀರೆಗಳನ್ನೆಲ್ಲ ಸರಿಸಿ, ಮಾಳವ್ವನ ಬಲಗೈಯನ್ನು ತೋಳಿನೊಳಗೆ ತೂರಿಸಲು ನೋಡಿದ. ಮಡಿಲ ಮೇಲೆ ಮಡಚಿದ್ದ ಕೈ ಸೆಟೆದುಹೋಗಿತ್ತು. ಎಳೆದ. ಬಟ್ಟೆ ಹಿಗ್ಗಿತು, ಕೈ ಬರಲಿಲ್ಲ.

"ಸಡ್ಲ ಬಿಡ," ಎಂದು ಗದರಿದ. "ಕೈ ಸಡ್ಲ ಬಿಡಲೇ!"

ಮಗ ವೀರೇಶ ಅವನ ರಟ್ಟೆ ಹಿಡಿದ. "ಅಪ್ಪಾ, ಹಂಗ ಎಳೀಬ್ಯಾಡ. ಅವ್ವಗ ನೋವಾಗತೈತಿ."

ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಓಣಿಯ ಹಿರಿಯ ಗೋವಿಂದಪ್ಪ ಮೆಲ್ಲಗೆ ಹೇಳಿದ, "ಬೆನ್ನಿನ ಕಡೆ ಸೀಳಬೇಕೋ ಅಂದಪ್ಪ. ಇಲ್ಲಂದ್ರ ಹೋಗೂದಿಲ್ಲ. ಜಂಪರನೂ ಹಂಗ ಹಾಕ್ಯಾರ."

"ಇಡೀ ದಿನ ಕುಂತು ಹೊಲದೀನಿ, ಸೀಳು ಅಂತೀರೇನು?"

"ಕೊಡ್ರಿ ಮಾವಾರ," ಎಂದು ಕಳಕವ್ವ ಕೈ ಚಾಚಿದಳು. "ನಾನ ಸೀಳತೇನಿ."

"ಮುಟ್ಟಬ್ಯಾಡ!"

ಅಂದಪ್ಪ ಹೆಂಡತಿಯ ಎದುರು ಕುಕ್ಕರಗಾಲಲ್ಲಿ ಕೂತ.

"ಅರಿವಿ ಸಾಲತಿತ್ತು," ಅಂದ. "ಮೊದಲಿಂದ ಸಾಲತಿತ್ತು. ನನಗ ಹೊಲಿಯಾಕ ಬರತಿರಲಿಲ್ಲ."

ಹೊರಗೆ ಹೊತ್ತು ಇಳಿಯುತ್ತಿತ್ತು. ವೀರೇಶ ಒಳಗಿನಿಂದ ಕತ್ತರಿ ತಂದು ಅಪ್ಪನ ಕೈಗೆ ಕೊಟ್ಟ.

ಅಂದಪ್ಪ ಸ್ವೇಟರನ್ನು ನೆಲದ ಮೇಲೆ ಬೋರಲು ಹಾಕಿ ಅಂಗೈಯಿಂದ ಸವರಿದ. ಕಿಸೆಯಿಂದ ಸೀಮೆಸುಣ್ಣದ ಚೂರು ತೆಗೆದು, ಬೆನ್ನಿನ ನಟ್ಟನಡುವೆ ಕೊರಳಿನಿಂದ ಕೆಳಗಿನವರೆಗೆ ನೆಟ್ಟಗೆ ಗೆರೆ ಎಳೆದ. ಆಮೇಲೆ ಅದರ ಎರಡೂ ಪಕ್ಕ ಅರ್ಧ ಇಂಚು ಬಿಟ್ಟು ಇನ್ನೆರಡು ಗೆರೆ ಹಾಕಿದ.

"ಇವು ಯಾಕ ಮಾವಾರ?" ಎಂದಳು ಕಳಕವ್ವ.

"ತಿರುಗಿ ಹೊಲಿಯಾಕ ಅರಿವಿ ಬಿಡಬೇಕಲ್ಲ," ಎಂದ ಅಂದಪ್ಪ, ಮತ್ತು ನಡುವಿನ ಗೆರೆಯ ಮೇಲೆ ಕತ್ತರಿ ಇಟ್ಟ.